ರೆಫರಿ ಭವಿತ್‌ನನ್ನು ಕೇಳಿದ್ದು

ಮಾಣಿ
೨ ಫೆಬ್ರವರಿ ೨೦೨೬, ಸೋಮವಾರ

ಸಾತ್ವಿಕಾಳ ಪ್ರೀತಿಯ ಪಪ್ಪನಿಗೆ,

ಹೇಗಿದ್ದೀರಿ? ಸೊಂಟನೋವು ಹೇಗುಂಟು? ಹೋದ ವಾರ ಫೋನಿನಲ್ಲಿ ‘ಈಗ ಏನೂ ಇಲ್ಲ’ ಎಂದಿರಿ, ಆದರೆ ಮಾತು ಮುಗಿಸಿ ಏಳುವಾಗ ‘ಅಯ್ಯೋ’ ಎಂದದ್ದು ಇಲ್ಲಿ ಮಾಣಿಯವರೆಗೆ ಕೇಳಿಸಿತು. ಹಡಗಿನ ಅಡುಗೆಮನೆಯ ಆ ದೊಡ್ಡ ಪಾತ್ರೆಗಳನ್ನು ಒಬ್ಬರೇ ಎತ್ತಬೇಡಿ. ಇಪ್ಪತ್ತೆರಡು ಜನರಿಗೆ ಬೇಯಿಸಿ ಹಾಕುವವರಿಗೆ ಕೈ ಕೊಡಲು ಅಷ್ಟು ಜನರಲ್ಲಿ ಒಬ್ಬನಾದರೂ ಸಿಗುವುದಿಲ್ಲವೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಾವನ ಸಕ್ಕರೆ ಹತೋಟಿಯಲ್ಲಿದೆ. ಆದರೂ ನಮ್ಮ ಹೋಟೆಲಿನಲ್ಲಿ ನಾನು ಬೆನ್ನು ತಿರುಗಿಸಿದ ಕೂಡಲೇ ಒಂದು ಬನ್ಸ್ ಮಾಯವಾಗುತ್ತದೆ. ಅತ್ತೆಯ ಮೊಣಕಾಲಿಗೆ ವಿಟ್ಲದ ಡಾಕ್ಟರು ಕೊಟ್ಟ ಎಣ್ಣೆ ಹಿಡಿಸಿದೆ. ಸಾತ್ವಿಕಾಳ ಮುಂದಿನ ಹಲ್ಲುಗಳು ಎರಡೂ ಬಿದ್ದಿವೆ. ‘ಫುಟ್‌ಬಾಲ್’ ಎಂದು ಹೇಳಲು ಹೋದರೆ ಬರೀ ಗಾಳಿ ಬರುತ್ತದೆ, ಅದಕ್ಕೇ ಅದೊಂದೇ ಶಬ್ದವನ್ನು ದಿನವಿಡೀ ಹೇಳಿಕೊಂಡು ತಿರುಗುತ್ತಾಳೆ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನೀವು ನಗಬಹುದು. ವಿಟ್ಲದ ನಿತೇಶ್ ನಿಮ್ಮ ಹಡಗಿಗೇ ಎಂಜಿನ್ ಕೆಲಸಕ್ಕೆ ಸೇರಲು ಇವತ್ತು ಸಂಜೆ ಹೊರಡುತ್ತಾನೆ, ಸಿಂಗಾಪುರದಲ್ಲಿ ಹತ್ತುತ್ತಾನಂತೆ. ಅವನ ಬ್ಯಾಗಿನಲ್ಲಿ ಉಪ್ಪಿನಕಾಯಿಗೂ ಹಪ್ಪಳಕ್ಕೂ ಜಾಗ ಕೇಳಿದೆ. ಜೊತೆಗೆ ಇದನ್ನೂ ಇಟ್ಟಿದ್ದೇನೆ. ನಿಜ ಹೇಳಬೇಕೆಂದರೆ ಫೋನಿನಲ್ಲಿ ಭವಿತ್‌ನ ಹೆಸರು ಬಂದ ಕೂಡಲೇ ನೀವು ‘ನೆಟ್‌ವರ್ಕ್ ಇಲ್ಲ, ಮತ್ತೆ ಮಾಡ್ತೇನೆ’ ಎಂದು ಇಟ್ಟುಬಿಡುತ್ತೀರಿ. ಸ್ವಂತ ತಮ್ಮನ ಹೆಸರಿಗೆ ಎರಡು ವರ್ಷದಿಂದ ನಿಮ್ಮ ಹಡಗಿನಲ್ಲಿ ನೆಟ್‌ವರ್ಕ್ ಸಿಕ್ಕಿಲ್ಲ. ಕಾಗದಕ್ಕೆ ಆ ತೊಂದರೆ ಇಲ್ಲ. ಕೊನೆಯವರೆಗೆ ಓದಬೇಕು, ಸಾತ್ವಿಕಾಳ ಮೇಲೆ ಆಣೆ.

ನಿನ್ನೆ ಮಿಜಾರಿನ ಮೈದಾನದಲ್ಲಿ ಫುಟ್‌ಬಾಲ್ ಫೈನಲ್ ಇತ್ತು. ನಮ್ಮ ಮಾಣಿ ಫ್ರೆಂಡ್ಸ್ ಗೆದ್ದರು. ಒಂದು – ಸೊನ್ನೆ. ಎದುರಿಗಿದ್ದದ್ದು ಅವರೇ, ಬೆಳ್ತಂಗಡಿ ಸ್ಟಾರ್ಸ್. ಸ್ಕೋರ್ ನಿಮಗೆ ಹೇಗೂ ಗೊತ್ತಾಗಿರುತ್ತದೆ, ಗ್ರೂಪಿನಲ್ಲಿ ಯಾರಾದರೂ ಹಾಕಿರುತ್ತಾರೆ. ಆದರೆ ಆ ಒಂದು ಗೋಲಿನ ವಿಷಯ ಬರೆಯಲು ನಾನು ಕೂತದ್ದಲ್ಲ. ಅದು ಹನ್ನೆರಡನೇ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡು, ಮನ್ವಿತ್‌ನ ಭುಜಕ್ಕೆ ತಾಗಿ ಒಳಗೆ ಹೋಯಿತು. ಅವನಿಗೇ ಗೊತ್ತಿರಲಿಲ್ಲ, ‘ಯಾರು ಹೊಡೆದದ್ದು?’ ಎಂದು ಸುತ್ತ ನೋಡುತ್ತಿದ್ದ. ನಾನು ಬರೆಯುವುದು ಉಳಿದ ಎಪ್ಪತ್ತೆಂಟು ನಿಮಿಷದ ಬಗ್ಗೆ.

ಅತ್ತೆ, ಸಾತ್ವಿಕಾ, ನಾನು ಪಿಕಪ್ಪಿನ ಹಿಂದೆ ಚಾಪೆ ಹಾಕಿ ಕೂತು ಹೋಗಿದ್ದೆವು. ಅತ್ತೆಯ ಆಟ ನೋಡುವ ಕ್ರಮ ನಿಮಗೆ ಗೊತ್ತಲ್ಲ. ಚೆಂಡು ನಮ್ಮ ಗೋಲಿನ ಹತ್ತಿರ ಬಂದರೆ ಕಣ್ಣು ಮುಚ್ಚಿ ‘ಹೋಯ್ತಾ? ಹೋಯ್ತಾ?’ ಎಂದು ಕೇಳುತ್ತಾರೆ. ನಿನ್ನೆ ಅವರು ಕಣ್ಣು ತೆರೆದದ್ದೇ ಕಡಿಮೆ. ಬೆಳ್ತಂಗಡಿಯವರು ಹಾಗೆ ಬಂದರು, ಒಬ್ಬರ ಹಿಂದೆ ಒಬ್ಬರು. ಅವರ ಹತ್ತನೇ ನಂಬರಿನ ಹುಡುಗ ಸೆಮಿಫೈನಲಿನಲ್ಲಿ ಮೂರು ಗೋಲು ಹೊಡೆದವನು, ಚೆಂಡು ಕಾಲಿಗೆ ಅಂಟಿಸಿಕೊಂಡ ಹಾಗೆ ಓಡುತ್ತಾನೆ. ಅವನ ಎದುರಿಗೆ ನಿಂತದ್ದು ಭವಿತ್, ನೀವು ನಿಲ್ಲುತ್ತಿದ್ದ ಜಾಗದಲ್ಲೇ, ನಡು ಡಿಫೆನ್ಸಿನಲ್ಲಿ. ಅವನು ನುಗ್ಗುವುದಿಲ್ಲ, ಬೀಳುವುದಿಲ್ಲ, ಅಂಗಿ ಎಳೆಯುವುದಿಲ್ಲ. ಹಿಂದೆ ಹಿಂದೆ ಹೋಗುತ್ತಾ ಆ ಹುಡುಗನನ್ನು ಮೆಲ್ಲ ಗೆರೆಯ ಕಡೆಗೆ ಒಯ್ಯುತ್ತಾನೆ. ಅಲ್ಲಿ ಜಾಗ ಮುಗಿದಾಗ ಕಾಲು ಚಾಚಿ ಚೆಂಡು ತೆಗೆದುಕೊಳ್ಳುತ್ತಾನೆ, ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಂಡಷ್ಟು ಸಲೀಸಾಗಿ. ನಮ್ಮ ಪಕ್ಕದಲ್ಲಿ ಕೂತಿದ್ದ ಬೆಳ್ತಂಗಡಿ ಕಡೆಯ ಒಬ್ಬರು ಹಿರಿಯರು ಮೊದಲು ಬೈದರು, ಆಮೇಲೆ ಸುಮ್ಮನಾದರು, ಅರ್ಧ ಆಟ ಮುಗಿಯುವಾಗ ‘ಆ ಐದನೇ ನಂಬರಿನವ ಯಾರಮ್ಮಾ? ಭಾರೀ ಉಂಟು ಅವನ ಆಟ’ ಎಂದು ನನ್ನನ್ನೇ ಕೇಳಿದರು. ನನ್ನ ಮೈದುನ ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ ಅತ್ತೆ ಕಣ್ಣು ತೆರೆದರು.

ಎಪ್ಪತ್ತನೇ ನಿಮಿಷಕ್ಕೆ ನಮ್ಮ ಲೆಫ್ಟ್ ಬ್ಯಾಕ್ ಕಾಲು ಉಳುಕಿ ಹೊರಗೆ ಬಂದ. ಬದಲಿಗೆ ಇಳಿಸಲು ಯಾರೂ ಉಳಿದಿರಲಿಲ್ಲ, ಬದಲಿ ಆಟಗಾರರೆಲ್ಲ ಆಗಲೇ ಇಳಿದಾಗಿತ್ತು. ಮತ್ತಿನ ಇಪ್ಪತ್ತು ನಿಮಿಷ ಹತ್ತೇ ಜನ. ಭವಿತ್ ಆಗ ಎರಡು ಜಾಗ ಕಾದ. ಕೈ ತೋರಿಸಿ ತೋರಿಸಿ ಎಲ್ಲರನ್ನೂ ಹತ್ತಿರ ಹತ್ತಿರ ನಿಲ್ಲಿಸಿದ. ಗೋಲಿನಲ್ಲಿ ನಿಮ್ಮ ಗೆಳೆಯ ಇಬ್ರಾಹಿಂ ಖಲೀಲ್ ‘ಭವೀ, ಎಡಕ್ಕೆ! ಭವೀ, ಹಿಂದೆ!’ ಎಂದು ಬೊಬ್ಬೆ ಹೊಡೆದು ಗಂಟಲು ಕಟ್ಟಿಕೊಂಡಿದ್ದಾನೆ, ಇವತ್ತು ಬೆಳಿಗ್ಗೆ ಚಹಾವನ್ನು ಸನ್ನೆಯಲ್ಲಿ ಕೇಳಿದ.

ಎಂಬತ್ನಾಲ್ಕನೇ ನಿಮಿಷದಲ್ಲಿ ಅದಾಯಿತು. ಹತ್ತನೇ ನಂಬರಿನವನು ಪೆನಾಲ್ಟಿ ಬಾಕ್ಸಿನ ಒಳಗಿನಿಂದ ಜೋರಾಗಿ ಹೊಡೆದ. ಭವಿತ್ ಅಡ್ಡ ಬಂದ. ಚೆಂಡು ಅವನಿಗೆ ತಾಗಿ ಹೊರಗೆ ಹೋಯಿತು. ಅಷ್ಟು ಸಾಕಾಯಿತು, ‘ಕೈ! ಕೈ!’ ಎಂದು ಬೆಳ್ತಂಗಡಿಯ ಅರ್ಧ ಮೈದಾನ ಎದ್ದು ನಿಂತಿತು. ಬಾಕ್ಸಿನಲ್ಲಿ ಏಳೆಂಟು ಜನ ಗುಂಪಾಗಿದ್ದರು, ರೆಫರಿಗೆ ಕಂಡಿಲ್ಲ. ಲೈನಿನಲ್ಲಿದ್ದವರು ತಲೆ ಅಲ್ಲಾಡಿಸಿದರು, ಅವರಿಗೂ ಕಂಡಿಲ್ಲ. ರೆಫರಿ ಯಾರೆಂದು ಗೊತ್ತುಂಟಾ? ಎರಡು ವರ್ಷದ ಹಿಂದೆ ಬೆಳ್ತಂಗಡಿಯ ಫೈನಲಿನಲ್ಲಿ ಇದ್ದವರೇ, ಆ ಬಿಳಿ ಮೀಸೆಯ ನಿವೃತ್ತ ಪಿ.ಟಿ. ಮಾಸ್ಟ್ರು.

ಆ ಫೈನಲನ್ನು ನಿಮಗೆ ನೆನಪಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಒಮ್ಮೆಯೂ ಮೊದಲಿಂದ ಕೊನೆಯವರೆಗೆ ಹೇಳಿಲ್ಲ. ಎದುರಿಗೆ ಇದೇ ಸ್ಟಾರ್ಸ್, ಸೊನ್ನೆ – ಸೊನ್ನೆ ಇತ್ತು. ನೀವು ಕ್ಯಾಪ್ಟನ್. ಕೊನೆಯ ನಿಮಿಷದಲ್ಲಿ ಇದೇ ಬಾಕ್ಸಿನ ಗಲಾಟೆ, ಇದೇ ‘ಕೈ! ಕೈ!’. ಮಾಸ್ಟ್ರು ನಿಮ್ಮನ್ನು ಕೇಳಿದರು, ನೀವು ‘ಇಲ್ಲ’ ಎಂದಿರಿ. ಪಕ್ಕದಲ್ಲೇ ಭವಿತ್ ನಿಂತಿದ್ದ. ‘ನೀನು ಹತ್ತಿರ ಇದ್ದಿ, ನೀನು ಹೇಳು’ ಎಂದರು. ಅವನು ನಿಮ್ಮ ಮುಖ ನೋಡಿದ, ನೆಲ ನೋಡಿದ, ಆಮೇಲೆ ‘ಅಣ್ಣನ ಕೈಗೆ ತಾಗಿದೆ ಸರ್’ ಎಂದ. ಪೆನಾಲ್ಟಿ ಕೊಟ್ಟರು, ಗೋಲಾಯಿತು, ಕಪ್ ಹೋಯಿತು. ನೀವು ತೋಳಿನ ಪಟ್ಟಿ ಬಿಚ್ಚಿ ಅವನ ಕಾಲ ಬುಡಕ್ಕೆ ಎಸೆದು ಮೈದಾನದಿಂದ ಹೊರಗೆ ನಡೆದಿರಿ. ಹಡಗಿಗೆ ಹೋಗುವವರೆಗಿನ ನಾಲ್ಕು ತಿಂಗಳು ಒಂದೇ ಮನೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಊಟ ಬಡಿಸಿದವಳು ನಾನು. ಊರಿನವರೂ ಅವನನ್ನು ಬಿಟ್ಟಿರಲಿಲ್ಲ. ಹೋಟೆಲಿಗೆ ಬಂದವರು ‘ಹರಿಶ್ಚಂದ್ರಾ, ಒಂದು ಚಾ’ ಎಂದು ಅವನ ಎದುರೇ ನಗುತ್ತಿದ್ದರು. ಅವನು ಚಹಾ ತಂದಿಡುತ್ತಿದ್ದ, ಅಷ್ಟೇ.

ನಿನ್ನೆಗೆ ಬರುತ್ತೇನೆ. ಮಾಸ್ಟ್ರು ಸೀಟಿಯನ್ನು ಬಾಯಿಂದ ತೆಗೆದು ನೇರ ಭವಿತ್‌ನ ಹತ್ತಿರ ನಡೆದರು. ಬೊಬ್ಬೆ ಹಾಕುತ್ತಿದ್ದವರೆಲ್ಲ ಕಿವಿ ಕೊಟ್ಟರು. ನಾವು ಗೋಲಿನಿಂದ ಹತ್ತು ಮಾರು ದೂರದಲ್ಲಿ ಇದ್ದುದರಿಂದ ನನಗೆ ಸ್ಪಷ್ಟವಾಗಿ ಕೇಳಿತು. ‘ನೀನೇ ಹೇಳು ಮಾರಾಯ. ಕೈಯಾ?’ ಎಂದರು. ‘ಅಲ್ಲ ಸರ್, ಎದೆಗೆ’ ಎಂದ ಭವಿತ್. ಉಸಿರು ಕಟ್ಟಿದವನ ಹಾಗೆ ಸಣ್ಣ ದನಿಯಲ್ಲಿ ಹೇಳಿದ. ಬೆಳ್ತಂಗಡಿಯ ಹುಡುಗರು ಸುತ್ತುಗಟ್ಟಿದರು. ಆಗ ಅವರ ಕ್ಯಾಪ್ಟನ್ ತನ್ನವರನ್ನೇ ಎರಡು ಕೈಯಿಂದ ಹಿಂದೆ ದೂಡಿದ. ‘ಬಿಡಿ, ಬಿಡಿ. ಅವ ಸ್ವಂತ ಅಣ್ಣನದ್ದೇ ಹೇಳಿದವ. ಅವ ಅಲ್ಲ ಅಂದ್ರೆ ಅಲ್ಲ. ಕಾರ್ನರ್ ಕೊಡಿ ಸರ್’ ಎಂದ. ಮಾಸ್ಟ್ರು ಕಾರ್ನರಿನ ಕಡೆಗೆ ಕೈ ತೋರಿಸಿದರು. ನನ್ನ ಪಕ್ಕದ ಹಿರಿಯರು ಚಪ್ಪಾಳೆ ತಟ್ಟಿದರು, ಅವರ ತಂಡದ ಪೆನಾಲ್ಟಿ ಹೋದದ್ದಕ್ಕೆ! ಅತ್ತೆ ಅಳುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ, ನನ್ನದೇ ಸೆರಗು ಒದ್ದೆಯಾಗಿತ್ತು.

ಆ ಕಾರ್ನರಿನಲ್ಲಿ ಖಲೀಲ್ ಹಾರಿದರೂ ಚೆಂಡು ಸಿಗಲಿಲ್ಲ. ಅದು ತೆರೆದ ಗೋಲಿನ ಕಡೆಗೆ ಹೋಗುತ್ತಿತ್ತು. ಗೆರೆಯ ಮೇಲೆ ಭವಿತ್‌ನ ತಲೆ ಇತ್ತು. ಅವನು ಅಲ್ಲಿಗೆ ಯಾವಾಗ ಬಂದ ಎಂದು ಇನ್ನೂ ಯಾರಿಗೂ ಗೊತ್ತಿಲ್ಲ. ಉಳಿದ ನಿಮಿಷಗಳನ್ನು ನಾನು ಅತ್ತೆಯ ಹಾಗೆ ಕಣ್ಣು ಮುಚ್ಚಿಯೇ ಕಳೆದೆ, ಕೊನೆಯ ಸೀಟಿ ಕೇಳಿದ ಮೇಲೆಯೇ ತೆರೆದದ್ದು.

ಸಂಜೆ ನಮ್ಮ ಹೋಟೆಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮೀನು ಮಾರುವ ಬಾವಾ, ತಂಡದ ಅತ್ಯಂತ ಹಳೆಯ ಅಭಿಮಾನಿ ತಾವೇ ಎಂದು ನಡುವಿನ ಮೇಜು ಹಿಡಿದರು. ಒಂದು ಪ್ಲೇಟ್ ಗೋಳಿಬಜೆ ತರಿಸಿ, ಅದನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಡಿಫೆನ್ಸ್ ಹೇಗೆ ನಿಂತಿತು ಎಂದು ತೋರಿಸಿದರು. ‘ಇದು ಭವಿತ್. ಇದು ಅವರ ಹತ್ತನೇ ನಂಬ್ರ. ಇದು ಹೀಗೆ ಬಂತು, ಇವ ಹೀಗೆ ಹಿಂದೆ ಹೋದ’ ಎಂದು ಹೇಳುತ್ತಾ ಹೇಳುತ್ತಾ ಹತ್ತನೇ ನಂಬರನ್ನು ತಿಂದೇಬಿಟ್ಟರು. ‘ಗೋಲು ಹೊಡಿಲಿಕ್ಕೆ ಒಂದು ನಿಮಿಷ ಸಾಕು ಮಾರಾಯ್ರೆ, ಇವ ಎಪ್ಪತ್ತೆಂಟು ನಿಮಿಷ ನಿಂತದ್ದು’ ಎಂದು ಅವರು ಹೇಳಿದಾಗ ಮನ್ವಿತ್ ಕೂಡ ಹೌದೆಂದು ಒಪ್ಪಿದ. ಹತ್ತನೇ ನಂಬರು ಯಾವ ಕಡೆ ತಿರುಗುತ್ತಾನೆ ಎಂದು ನಿನಗೆ ಹೇಗೆ ಗೊತ್ತಾಗ್ತಿತ್ತು ಎಂದು ಯಾರೋ ಕೇಳಿದರು. ಭವಿತ್ ಲೋಟ ಒರೆಸುತ್ತಿದ್ದವನು, ಗೆದ್ದ ದಿನವೂ ಕೂರಲು ಅವನಿಗೆ ಬರುವುದಿಲ್ಲ, ‘ಕಾಲು ನೋಡಬಾರ್ದು, ಸೊಂಟ ನೋಡ್ಬೇಕು. ಸೊಂಟ ಸುಳ್ಳು ಹೇಳುದಿಲ್ಲ. ಅಣ್ಣ ಹೇಳಿಕೊಟ್ಟದ್ದು’ ಎಂದ. ನಿಮ್ಮ ಹೆಸರು ಅವನ ಬಾಯಲ್ಲಿ ಎಲ್ಲರ ಎದುರು ಬಂದದ್ದು ಎರಡು ವರ್ಷಗಳಲ್ಲಿ ಅದೇ ಮೊದಲು.

ಆಗ ಮಾವ ಗಲ್ಲಾದಿಂದ ಎದ್ದು ಬಂದರು. ಅವರು ಆ ಫೈನಲಿನ ಮೇಲೆ ಹೋಟೆಲಿನಲ್ಲಿ ಫುಟ್‌ಬಾಲ್ ಮಾತಾಡುವುದನ್ನೇ ಬಿಟ್ಟಿದ್ದರಲ್ಲ, ಎಲ್ಲರೂ ದಾರಿ ಬಿಟ್ಟರು. ಭವಿತ್‌ನ ಕೈಯಿಂದ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಂಡರು. ‘ಆ ದಿನ ಮನೆಗೆ ಬಂದ ಮೇಲೆ ನಾನು ಇವನಿಗೆ ಬೈದಿದ್ದೇನೆ. ಮನೆಯವನಾಗಿ ಹೊರಗಿನವರ ಎದುರು ಹಾಗೆ ಹೇಳುದಾ ಅಂತ ಕೇಳಿದ್ದೇನೆ. ಕೇಳಬಾರ್ದಿತ್ತು’ ಎಂದರು. ಅಷ್ಟೇ ಹೇಳಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ತಾವೇ ಒಳಗೆ ಹೋಗಿ ಚಹಾ ತಂದಿಟ್ಟರು. ಭವಿತ್ ಕುಡಿಯಲು ತುಂಬಾ ಹೊತ್ತು ತೆಗೆದುಕೊಂಡ. ಬಾವಾ ಬೇರೆ ಕಡೆ ನೋಡುತ್ತಾ ಇನ್ನೊಂದು ಪ್ಲೇಟ್ ಗೋಳಿಬಜೆ ಹೇಳಿದರು.

ಎಲ್ಲರೂ ಹೋದ ಮೇಲೆ ಅವನು ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದ: ‘ಅಣ್ಣನಿಗೆ ಸ್ಕೋರ್ ಹೇಳಿದ್ರಾ ಅತ್ತಿಗೆ?’ ನಾನು ಹೇಳ್ತೇನೆ ಎಂದೆ. ಈಗ ಹೇಳಿದ್ದೇನೆ. ಅವನು ನನ್ನ ಮೈದುನ ಎಂದು ಹೇಳಿಕೊಳ್ಳಲು ನಿನ್ನೆಯಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ. ಅವನಿಗೆ ಆಟ ಕಲಿಸಿದ್ದು ನೀವು ಎಂಬುದೂ ಆ ಹೆಮ್ಮೆಯಲ್ಲಿ ಸೇರಿದೆ.

ಮಾವ, ಅತ್ತೆ ಇಬ್ಬರೂ ನಿಮ್ಮನ್ನು ಹರಸಿದ್ದಾರೆ. ಬಾವಾ ನೀವು ಬಂದ ದಿನ ಅಂಜಲ್ ಮೀನು ತಮ್ಮ ಕಡೆಯಿಂದ ಎಂದಿದ್ದಾರೆ. ಸಾತ್ವಿಕಾ ಗಾಳಿಯಿಂದಲೇ ಒಂದು ಮುತ್ತು ಕಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬೇರೆಯವರಿಗೆ ಬಡಿಸಿ ಬಡಿಸಿ ನಿಮ್ಮದನ್ನು ಮರೆಯಬೇಡಿ.

ಎಂದೆಂದೂ ನಿಮ್ಮವಳೇ,
ವಿಜೇತಾ

ಮತ್ತೆ ನೆನಪಾದದ್ದಲ್ಲ, ಬರೆಯಲು ಧೈರ್ಯ ಬಾರದೆ ಉಳಿಸಿಕೊಂಡದ್ದು ಒಂದುಂಟು. ನಿತೇಶ್ ಹೊರಗೆ ಬೈಕಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಇನ್ನು ಬರೆದೇಬಿಡುತ್ತೇನೆ. ಬೆಳ್ತಂಗಡಿಯ ಆ ಫೈನಲಿನ ದಿನ ನಾನು ಗೋಲಿನ ಹಿಂದೆಯೇ ಕೂತಿದ್ದೆ. ಚೆಂಡು ನಿಮ್ಮ ಕೈಗೆ ತಾಗಿದ್ದನ್ನು ನಾನೂ ನೋಡಿದ್ದೇನೆ. ಮನೆಗೆ ಬಂದು ನೀವು ‘ನೀನು ಎಂತಾದ್ರೂ ಕಂಡಿಯಾ?’ ಎಂದು ಕೇಳಿದಾಗ ‘ಇಲ್ಲ’ ಎಂದೆ. ಕಂಡಿದ್ದೇನೆ ಎಂದು ಅಂದೇ ಹೇಳಿದ್ದರೆ ನಿಮ್ಮ ಸಿಟ್ಟಿನಲ್ಲಿ ಅರ್ಧ ನನಗೆ ಬರುತ್ತಿತ್ತು. ನಾನು ಸುಮ್ಮನಿದ್ದೆ, ಅವನು ಒಬ್ಬನೇ ಅನುಭವಿಸಿದ. ಇವತ್ತು ಬೆಳಿಗ್ಗೆ ಅವನಿಗೆ ಇದನ್ನು ಹೇಳಿ ಕ್ಷಮೆ ಕೇಳಿದೆ. ಹಡಗು ದಡ ಸೇರಿದ ಕೂಡಲೇ ಈ ಸಲ ಮೊದಲ ಫೋನು ನನಗೆ ಮಾಡಬೇಡಿ, ಭವಿತ್‌ಗೆ ಮಾಡಿ. ಅವನ ನಂಬರು ಬದಲಾಗಿಲ್ಲ.