ಕೇಳದೆ ಬಂದ ಫೋನು

ಸಿಯೋಲ್, ೧೯೭೮

ಮಾರ್ಚ್ ೯

ಒಲೆಯ ಇದ್ದಿಲ ಬಿಲ್ಲೆ ಬದಲಾಯಿಸಿ ಮತ್ತೆ ಮಣಿ ಹೊಲಿಯೋಕೆ ಕೂತೆ. ಎಕ್ಸ್‌ಪೋರ್ಟ್ ಸ್ವೆಟರು. ಶನಿವಾರದೊಳಗೆ ಕೊಡಬೇಕು. ಹನ್ನೊಂದರ ಹೊತ್ತಿಗೆ ಇಬ್ಬರು ಬಂದರು — ಹೆಗಲ ಮೇಲೆ ತಂತಿ ಸುರುಳಿ. ಫೋನ್ ಹಾಕ್ತಾರಂತೆ.

“ನಾವು ಅರ್ಜಿನೇ ಹಾಕಿಲ್ಲ,” ಅಂದೆ.

“ಮಂಜೂರಾಗಿದೆಯಮ್ಮ. ಎಲ್ಲಿಡೋಣ ಹೇಳಿ.”

ಬ್ಯಾಂಕ್ ಮ್ಯಾನೇಜರು ವರ್ಷಗಟ್ಟಲೆ ಕಾಯ್ತಿದ್ದಾರೆ, ಇನ್ನೂ ಸಿಕ್ಕಿಲ್ಲ. ಈ ಗುಡ್ಡದ ಓಣಿಯಲ್ಲಿ ಒಂದು ಮನೆಗೂ ಇಲ್ಲ. ನಮಗೆ ಬಂತು. ಗಂಡ ತಲೆಮರೆಸಿಕೊಂಡು ಒಂದು ವರ್ಷ ದಾಟಿದ ಮನೆಗೆ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು. “ಸರ್ಕಾರಕ್ಕೆ ನಮ್ಮ ಮೇಲೆ ಇಷ್ಟೊಂದು ಅಕ್ಕರೆ ಯಾವಾಗ ಬಂತೇ?”

ಸಂಜೆ ಪ್ಯೊ ಸಾಹೇಬರು ಬಂದರು. ನಮ್ಮನೆ ಕಾಯೋಕೆ ಅಂತಲೇ ಠಾಣೆಯಿಂದ ಬಿಟ್ಟಿರೋ ಮಫ್ತಿ ಪೊಲೀಸು. ಓಣಿಯವರಿಗೆ ಮಾತ್ರ ನಮ್ಮ ದೂರದ ನೆಂಟರು ಅಂತ ಹೇಳಿದೀವಿ. ಬರ್ತಾರೆ, ಬಾರ್ಲಿ ನೀರು ಕುಡೀತಾರೆ, “ಏನಾದ್ರೂ ಸುದ್ದಿ?” ಅಂತಾರೆ, ಹೋಗ್ತಾರೆ. ಫೋನ್ ನೋಡಿ ಆಶ್ಚರ್ಯಪಟ್ಟರು. ನಟನೆ ಬರಲ್ಲ ಆ ಮನುಷ್ಯನಿಗೆ.

ಮಾರ್ಚ್ ೧೩

ಎತ್ತಿದ ತಕ್ಷಣ ಒಂದು ಕ್ಲಿಕ್. ಆಮೇಲೆ ಯಾರೋ ಪಕ್ಕದ ಕೋಣೆಯಲ್ಲಿ ಕೂತಿರೋ ಹಾಗೆ ಒಂದು ಮೌನ. ನಮ್ಮ ಮನೆಯವರು ಇಲ್ಲಿಗೆ ಫೋನ್ ಮಾಡಲ್ಲ. ಪತ್ರಿಕೆಯವರು ಹಾಕೋಕೆ ಹೆದರಿದ ಸುದ್ದೀನ ತಾವೇ ಅಚ್ಚು ಹಾಕಿ ಹಂಚಿದ ಮನುಷ್ಯ. ಅಷ್ಟು ಗೊತ್ತಿರುತ್ತೆ.

ಅತ್ತೆ ಮಾತ್ರ ಬೇರೆಯೇ ಲೆಕ್ಕ ಹಾಕಿದ್ದಾರೆ. ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳೋ ಹಾಗೆ ಕೂಗಿದರು: “ಫೋನ್ ಬಂದಿದೆ ಕಣ್ರೇ, ಬನ್ನಿ, ಯಾರಿಗೆ ಬೇಕಾದ್ರೂ ಮಾತಾಡಿ!” ಒಳಗೆ ಬಂದು ನನ್ನ ಕಿವಿಯಲ್ಲಿ: “ಕೇಳಬೇಕಲ್ವ ಅವರಿಗೆ? ಕೇಳ್ಲಿ. ಸೊಪ್ಪಿನ ರೇಟು, ಸೊಂಟನೋವು, ಸೊಸೆ ಜಗಳ... ಕಿವಿ ಕೊಳೆಯೋವರೆಗೂ ಕೇಳ್ಲಿ.”

ಏಪ್ರಿಲ್ ೨

ಓಣಿಗೆ ಓಣಿಯೇ ಬರುತ್ತೆ. ಬರೋರು ಎರಡು ಈರುಳ್ಳಿ ಸೊಪ್ಪೋ, ಒಂದು ಮೊಟ್ಟೆಯೋ ತರ್ತಾರೆ. ಅವರ ಲೆಕ್ಕದಲ್ಲಿ ಇವರು ಅರಬ್ ದೇಶದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಫೋನ್ ಬಂದಿದ್ದೂ ಆ ದುಡ್ಡಿನಿಂದ.

ಎಲ್ಲರಿಗಿಂತ ಜಾಸ್ತಿ ಪಕ್ಕದ ಮನೆ ಜೊಮ್ರೆಯ ಅಮ್ಮ. ಇಂಚನ್ನಿನಲ್ಲಿರೋ ತಂಗಿ ಹತ್ತಿರ ದಿನಾ ಮಾತು. ಬೆಳಿಗ್ಗೆ ಏನು ಬೇಯಿಸಿದೆ ಅಂತ ಶುರುವಾಗಿ ಗಂಡನ ಗೊರಕೆಗೆ ಮುಗಿಯುತ್ತೆ. ಸುಳ್ಳು ಇಲ್ಲ, ಮುಚ್ಚುಮರೆ ಇಲ್ಲ. ಬಾಯಿಗೆ ಬಾಗಿಲೇ ಇಲ್ಲದ ಒಳ್ಳೆ ಹೆಂಗಸು. ನಾನು ಮಣಿ ಹೊಲಿಯುತ್ತಾ ಎಲ್ಲ ಕೇಳಿಸಿಕೊಳ್ಳುತ್ತೇನೆ. ಕೇಳೋರಲ್ಲಿ ನಾನೂ ಒಬ್ಬಳಾದೆ.

ಮೇ ೬

ಅಕ್ಕನಿಗೆ ಹೇಳಿದ್ದೆ. ಅಕ್ಕನಿಗೆ ಮಾತ್ರ. ಎರಡು ತಿಂಗಳಿಂದ ಮುಟ್ಟು ನಿಂತಿದೆ, ಊಟ ಸೇರದೆ ಹೀಗಾಗಿರಬೇಕು ಅಂತ. ಫೋನಿನಲ್ಲಿ. ಬುದ್ಧಿ ಎಲ್ಲಿಟ್ಟಿದ್ದೆನೋ.

ಇವತ್ತು ಪ್ಯೊ ಸಾಹೇಬರು ಬಾರ್ಲಿ ನೀರು ಮುಟ್ಟಲಿಲ್ಲ. ಚಾಪೆ ನೋಡಿಕೊಂಡೇ ಕೇಳಿದರು.

“ತಪ್ಪು ತಿಳ್ಕೋಬೇಡಿ... ನಿಮ್ಮ ಯಜಮಾನರು, ತೇಸೊಕ್ ಅವರು, ಈ ಕಡೆ ಏನಾದ್ರೂ ಬಂದು ಹೋಗಿದ್ರಾ? ರಾತ್ರಿ ಹೊತ್ತು?”

“ಇಲ್ಲ.”

“ಅಲ್ಲ... ಮೇಲಿನೋರು ಕೇಳಿದ್ರು. ಎರಡು ತಿಂಗಳು ಅಂದ್ರೆ...”

ನನಗಿಂತ ಮೊದಲು ಅತ್ತೆಗೆ ಅರ್ಥವಾಯಿತು. “ಥೂ! ನಿಮ್ಮ ಹೆಂಡತೀದೂ ಹೀಗೇ ತಿಂಗಳ ಲೆಕ್ಕ ಬರ್ಕೊಳ್ತಾರೇನ್ರೀ ನಿಮ್ಮ ಮೇಲಿನೋರು?”

ಅವರು ಕಿವಿಯವರೆಗೂ ಕೆಂಪಾದರು. ಆದರೂ ನನ್ನ ‘ಇಲ್ಲ’ ಬರೆದುಕೊಂಡೇ ಹೋದರು. ನನಗೆ ನಾಚಿಕೆಯಾಗಬೇಕಿತ್ತು. ಸಿಟ್ಟಾದರೂ ಬರಬೇಕಿತ್ತು. ಏನೂ ಆಗಲಿಲ್ಲ. ಪಾತ್ರೆ ತೊಳೆದೆ. ಎಲ್ಲೋ ಒಬ್ಬ ಗಂಡಸು ಕೂತು, ಪೆನ್ಸಿಲು ಚೂಪು ಮಾಡಿಕೊಂಡು, ನನ್ನ ಮುಟ್ಟಿನ ವಿಚಾರ ಬರೆದುಕೊಂಡಿರುತ್ತಾನೆ — ಅಷ್ಟೇ ಯೋಚನೆ ಬಂತು.

ಜೂನ್ ೨೧

ಕುನ್ಸಾನಿನಿಂದ ಅಮ್ಮ ಫೋನ್ ಮಾಡಿದ್ದಳು. ಅಂಚೆ ಕಚೇರಿಯಲ್ಲಿ ಸಾಲು ನಿಂತು.

“ಚೆನ್ನಾಗಿದ್ದೀಯೇನೇ?”

“ಹೂಂ.”

“ಊಟ ಮಾಡ್ತಿದ್ದೀಯಾ?”

“ಹೂಂ.”

“ಏನೇ ಬರೀ ಹೂಂ ಹೂಂ! ಬಾಯಲ್ಲಿ ಕಡುಬು ತುರುಕ್ಕೊಂಡಿದ್ದೀಯಾ? ಅಷ್ಟು ದೂರ ನಡ್ಕೊಂಡು ಬಂದಿದ್ದೀನಿ, ನಿನ್ನ ಹೂಂ ಕೇಳೋಕಾ?”

ಅಮ್ಮ ಅತ್ತಳು. ನಾನು ಕೇಳಿದೆ. ಆ ಪೆನ್ಸಿಲಿನವನೂ ಕೇಳಿದ.

ಫೋನಿನ ಮೇಲೆ ಅತ್ತೆ ಹಳೇ ದಿಂಬಿನ ಚೀಲ ಹೊದಿಸಿದ್ದಾರೆ. ಆದರೂ ಆ ಕೋಣೆಯಲ್ಲಿ ಬಟ್ಟೆ ಬದಲಾಯಿಸಲ್ಲ ನಾನು. ಕೆಮ್ಮು ಬಂದರೆ ಅಂಗಳಕ್ಕೆ ಹೋಗಿ ಕೆಮ್ಮುತ್ತೇನೆ. ಬರೆಯೋದೊಂದೇ ಸದ್ದಿಲ್ಲದ ಕೆಲಸ. ಅದಕ್ಕೂ ಈಚೆಗೆ ಮನಸ್ಸು ಬರಲ್ಲ.

ಸೆಪ್ಟೆಂಬರ್ ೩೦

ಅತ್ತೆ ಓಣಿ ಕೆಳಗಿನ ಸಾರ್ವಜನಿಕ ಸ್ನಾನದ ಮನೆಗೆ ಹೋಗಿದ್ದರು. ಬಂದವರೇ ಬಾಗಿಲು ಹಾಕಿ, ಅಡುಗೆಮನೆ ನಲ್ಲಿ ಜೋರಾಗಿ ತಿರುಗಿಸಿ, ನನ್ನ ಹತ್ತಿರ ಬಂದರು. ಮುಖ ಇನ್ನೂ ಬಿಸಿನೀರಿಗೆ ಕೆಂಪು.

ಗುರುತಿಲ್ಲದ ಒಬ್ಬಳು ಹಿಂದೆ ಬಂದು ಕೂತು “ಬೆನ್ನು ಉಜ್ಜಿಕೊಡ್ಲಾ ಅಮ್ಮ?” ಅಂದಳಂತೆ. ಅದರಲ್ಲೇನು, ಅಲ್ಲಿ ಎಲ್ಲರೂ ಎಲ್ಲರ ಬೆನ್ನೂ ಉಜ್ಜುತ್ತಾರೆ. ಉಜ್ಜುತ್ತಾ ಕಿವಿ ಹತ್ತಿರ ಬಂದು — “ಅಪ್ಪನಿಗೆ ಬಟ್ಟಲು ಎರೆಯೋಕೆ ಮಗ ಬರ್ತಾನಂತೆ.” ನೀರು ಸುರಿದು ಎದ್ದು ಹೋದಳಂತೆ. ಅತ್ತೆ ತಿರುಗಿ ನೋಡಲಿಲ್ಲವಂತೆ. ಮಾವನ ತಿಥಿ ಹತ್ತಿರ ಬಂತು; ಎಡೆಯ ಮುಂದೆ ಮದ್ಯದ ಬಟ್ಟಲು ಎರೆಯಬೇಕಾದವನು ಮಗ.

“ಬೇಡ ಅಂತ ಹೇಳಿಕಳಿಸೋಕೆ ಆಗಲ್ವಾ?” ಅಂದೆ.

“ಯಾರ ಕೈಲಿ ಹೇಳಿಕಳಿಸ್ಲಿ? ಬೆನ್ನಿನ ಕೈಲಾ?” ಅಂದರು. ಒದ್ದೆ ಕೂದಲು ಹಿಂಡಿಕೊಂಡು, “ಒಬ್ಬನೇ ಮಗ ಕಣೇ. ಹೋದ ವರ್ಷ ಬಟ್ಟಲು ನಾನೇ ಎರೆದೆ. ನಿನ್ನ ಮಾವ ಕುಡಿದಿರಲ್ಲ.”

ಸಿಕ್ಕಿಬಿದ್ದರೆ ಎಷ್ಟು ವರ್ಷವೋ.

ಅಕ್ಟೋಬರ್ ೫

ಮಾವನ ತಿಥಿ ಈ ಸಲ ಹದಿನೆಂಟಕ್ಕೆ ಬೀಳುತ್ತೆ. ಹಿಂದಿನ ರಾತ್ರಿಯೇ, ಹನ್ನೆರಡು ದಾಟುತ್ತಿದ್ದ ಹಾಗೆ ಎಡೆ ಇಡೋದು ಹಳೇ ಪದ್ಧತಿ. ತಿಥಿಯ ದಿನ ಸಂಜೆ ಸರಳವಾಗಿ ಮುಗಿಸಿ ಅಂತ ಸರ್ಕಾರದ ಹೊಸ ನಿಯಮ ಬಂದು ಐದು ವರ್ಷವಾಯಿತು. ಪಾಲಿಸ್ತೀವಿ ಅಂತ ಎಲ್ಲರೂ ಹೇಳ್ತಾರೆ. ಯಾರೂ ಪಾಲಿಸಲ್ಲ.

ಅತ್ತೆ ಇವತ್ತು ಸುವನ್ನಿನಲ್ಲಿರೋ ಮಾವನ ತಮ್ಮನಿಗೆ ಫೋನ್ ಮಾಡಿ ಕೂಗಿದರು. “ಹದಿನೆಂಟು, ಸಂಜೆ ಏಳು ಗಂಟೆ! ಹೌದಪ್ಪ, ನಾವೂ ಈಗ ಸರ್ಕಾರದ ನಿಯಮದ ಪ್ರಕಾರಾನೇ. ನಡುರಾತ್ರಿ ಎದ್ದು ಕೂರೋಕೆ ನನಗೇನು ಹುಚ್ಚಾ?”

ಸಂಜೆ ಪ್ಯೊ ಸಾಹೇಬರು ಬಂದು, “ಒಳ್ಳೇದಮ್ಮ, ನಮ್ಮನೇಲೂ ಸಂಜೆನೇ,” ಅಂದರು — ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ಅವರು ಹೋದ ಮೇಲೆ ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಮದುವೆಯಾಗಿ ಬಂದಾಗಿಂದ ಅವರು ಹಾಗೆ ನಕ್ಕಿದ್ದು ನೋಡಿರಲಿಲ್ಲ. ನಮ್ಮನೆ ಎಡೆ ಹದಿನೇಳರ ರಾತ್ರಿಯೇ, ಅದು ಮಗನಿಗೆ ಗೊತ್ತು.

ಅಕ್ಟೋಬರ್ ೧೭, ಮಧ್ಯಾಹ್ನ

ಅತ್ತೆ ಬಟ್ಟೆ ಒಣಗಿಸೋ ಹಗ್ಗ ಬಿಚ್ಚಿದರು. ಹಿರಿಯರು ಬರೋ ದಾರೀಲಿ ಹಗ್ಗ, ತಂತಿ ಇದ್ದರೆ ಸಿಕ್ಕಿಕೊಳ್ಳುತ್ತಾರಂತೆ. ಬಿಚ್ಚಿ ಮೇಲೆ ನೋಡಿದರು. ಫೋನಿನ ತಂತಿ ಅಂಗಳಕ್ಕೆ ಅಡ್ಡ.

“ಇದನ್ನ ಬಿಚ್ಚೋ ಹಾಗಿಲ್ಲ. ನಿನ್ನ ಮಾವ ತಲೆ ಬಗ್ಗಿಸ್ಕೊಂಡು ಬರ್ಲಿ ಬಿಡು. ಬದುಕಿದ್ದಾಗ ಯಾರಿಗೂ ಬಗ್ಗಿಸ್ಲಿಲ್ಲ.”

ಕಿಟಕಿ ಹಾಕಿಕೊಂಡೇ ಕರಿಯೋಕೆ ಕೂತೆವು. ಮೀನು, ಎಳೆ ಕುಂಬಳ. ವಾಸನೆ ನಮ್ಮ ಮಾತು ಕೇಳುತ್ತಾ?

ಮೂರು ಗಂಟೆಗೆ ಜೊಮ್ರೆಯ ಅಮ್ಮ ಬಂದಳು. ಬರಬೇಡ ಅನ್ನೋಕೆ ಏನು ಕಾರಣ ಕೊಡೋದು? ಸೀದಾ ಫೋನಿನ ಹತ್ತಿರ ಹೋಗಿ ಕೂತಳು. ತಂಗಿ ಸಿಕ್ಕಿದಳು.

“ಅಯ್ಯೋ ಬಿಡೇ, ನಾಳೆ ಬೆಳಿಗ್ಗೆ ನಾನು ಒಲೇನೇ ಹಚ್ಚಲ್ಲ! ಈ ಫೋನ್ ಮನೇಲಿ ಇವತ್ತು ರಾತ್ರಿ ತಿಥಿ. ಮೀನು ಕರೀತಾವ್ರೆ, ಘಮ್ಮಂತಿದೆ. ಬೆಳಗಾಗ್ತಿದ್ದಂಗೆ ತಟ್ಟೆ ತುಂಬ ಬರುತ್ತೆ ನೋಡು, ಈ ಅಜ್ಜಿ ಕೈ ಧಾರಾಳ...”

ತಿಥಿಯ ಮರುಬೆಳಿಗ್ಗೆ ಎಡೆಯ ತಿಂಡಿ ಓಣಿಯ ಎಲ್ಲ ಮನೆಗೂ ಹೋಗಬೇಕು. ವರ್ಷಾ ವರ್ಷಾ ಹೋಗುತ್ತೆ. ಅತ್ತೆ ಎಲ್ಲ ಯೋಚನೆ ಮಾಡಿದ್ದರು. ಇದೊಂದು ಮಾಡಿರಲಿಲ್ಲ.

ಸಟ್ಟುಗ ನನ್ನ ಕೈಲಿತ್ತು. ಕೈ ನಿಲ್ಲಲಿಲ್ಲ. ಮೀನು ಮಗುಚಿ ಹಾಕಿದೆ.

ಅದೇ ದಿನ, ಸಂಜೆ ೬

ಅತ್ತೆ ಹೋಗಿ ಹೊರಬಾಗಿಲಿನ ಅಗಳಿ ಹಾಕಿದರು. ತಿಥಿಯ ರಾತ್ರಿ ಹಿರಿಯರಿಗಾಗಿ ಬಾಗಿಲು ತೆರೆದೇ ಇರಬೇಕು. ಮುಚ್ಚಿದ್ದು ಕಂಡರೆ ಇವರಿಗೆ ಅರ್ಥವಾಗುತ್ತೆ. ಓಣಿಯ ತಿರುವಿನಿಂದಲೇ ಕಾಣುತ್ತೆ. ವಾಪಸ್ ಹೋಗ್ತಾರೆ.

ಅತ್ತೆ ಅಗಳಿಯ ಮೇಲೆ ಕೈಯಿಟ್ಟುಕೊಂಡು ಮಾವನ ಹತ್ತಿರ ಮಾತಾಡಿದರು. “ಕೋಪ ಮಾಡ್ಕೋಬೇಡಿ. ಇದೊಂದು ಸಲ ಗೋಡೆ ಹಾರ್ಕೊಂಡು ಬನ್ನಿ.”

ಕತ್ತಲಾಗ್ತಿದೆ. ಈ ಬಾಗಿಲು ಮುಚ್ಚಿದ್ದರೆ ಸಾಕು. ಇನ್ನೇನೂ ಬೇಡ ನನಗೆ. ಅವರನ್ನ ನೋಡೋದೂ ಬೇಡ.

ಯಾರೋ ಬಡೀತಿದ್ದಾರೆ. ನಿಧಾನಕ್ಕೆ. ಇವರು ಹಾಗೆ ಬಡಿಯಲ್ಲ...

ಅಕ್ಟೋಬರ್ ೨೯

ಬರೆಯಬೇಕು ಅಂತಿಲ್ಲ. ಸ್ವೆಟರ್ ಕೆಲಸ ಬಂದಿಲ್ಲ. ಕೈ ಸುಮ್ಮನಿದೆ, ಅದಕ್ಕೆ.

ಅವತ್ತು ಬಾಗಿಲು ಬಡಿದದ್ದು ಪ್ಯೊ ಸಾಹೇಬರೇ. “ಏನಮ್ಮ ಇದು, ತಿಥಿ ದಿನ ಬಾಗಿಲು ಹಾಕ್ಕೊಂಡಿದ್ದೀರಿ? ಹಿರಿಯರು ಎಲ್ಲಿಂದ ಬರ್ಬೇಕು?” ಅಂದರು. ತಾವೇ ಎರಡು ಕದವನ್ನೂ ಅಗಲಕ್ಕೆ ತೆಗೆದು, ಕಲ್ಲು ಕೊಟ್ಟು ನಿಲ್ಲಿಸಿದರು. ಅವರೂ ಹಳ್ಳಿಯವರೇ. ಅವರ ಜೊತೆ ನಾಲ್ಕು ಜನ. ನಮ್ಮನ್ನ ಎಡೆಯ ಮುಂದೆ ಕೂರಿಸಿ, ಸದ್ದು ಮಾಡಬೇಡಿ ಅಂದರು. ಕೂತೆವು.

ಹನ್ನೆರಡರ ಕರ್ಫ್ಯೂ ಸೈರನ್ನಿಗೆ ಇನ್ನೂ ಹೊತ್ತಿತ್ತು. ಇವರು ಬಂದರು. ತೆರೆದ ಬಾಗಿಲು ನೋಡಿಕೊಂಡು ಬಂದರು. ಫೋನಿನ ತಂತಿಯ ಕೆಳಗೆ ತಲೆ ಬಗ್ಗಿಸಿದರು. ತುಂಬ ಸೊರಗಿದ್ದರು. ನಾನು ಕಿರುಚಬಹುದಿತ್ತು. ಈಗ ಅನ್ನಿಸುತ್ತೆ, ಕಿರುಚಬಹುದಿತ್ತು. ತಿಂಗಳುಗಟ್ಟಲೆ ‘ಹೂಂ’ ಅಂದ ಗಂಟಲು. ಏನೂ ಬರಲಿಲ್ಲ.

ಕೋಳ ಹಾಕೋ ಮುಂಚೆ ಅತ್ತೆ ಪ್ಯೊ ಅವರ ಕಾಲು ಹಿಡಿದರು. “ಒಂದು ಬಟ್ಟಲು ಎರೀಲಿ. ಒಂದೇ ಒಂದು.” ಪ್ಯೊ ಗಡಿಯಾರ ನೋಡಿದರು. ಬಿಟ್ಟರು. ಇವರು ಎರೆದು ಎರಡು ಸಲ ಅಡ್ಡಬಿದ್ದರು. ಏಳುವಾಗ ನನ್ನ ಕಡೆ ನೋಡಿದರು. ಪ್ಯೊ ಬೂಟು ಬಿಚ್ಚಿರಲಿಲ್ಲ. ಎಡೆಯ ಅನ್ನ ಬಿಸಿ ಇತ್ತು. ಒಂದು ತುತ್ತು ಬಾಯಿಗೆ ಹಾಕೋಕೆ ಬಿಡಲಿಲ್ಲ.

ಬೆಳಿಗ್ಗೆ ಅತ್ತೆ ಎದ್ದು ತಟ್ಟೆಗಳಿಗೆಲ್ಲ ತಿಂಡಿ ಹಾಕಿ ಓಣಿಗೆ ಹಂಚಿ ಬಂದರು. ಮೊದಲ ತಟ್ಟೆ ಜೊಮ್ರೆಯ ಮನೆಗೆ.

ನವೆಂಬರ್ ೪

ಎಲ್ಲಿಟ್ಟಿದ್ದಾರೆ ಗೊತ್ತಿಲ್ಲ. ಠಾಣೆಯಲ್ಲಿ ಅಂಥವರು ಯಾರೂ ಇಲ್ಲ ಅಂತಾರೆ. ಪ್ಯೊ ಬರಲ್ಲ. ಕಾಯೋಕೆ ಇನ್ನೇನಿದೆ?

ಓಣಿಯವರೂ ಬರಲ್ಲ. ಬರೋಳು ಜೊಮ್ರೆಯ ಅಮ್ಮ ಒಬ್ಬಳೇ. ಇವತ್ತು ಅತ್ತೆಯ ಕೈ ಹಿಡಿದುಕೊಂಡು ಗೊಳೋ ಅಂತ ಅತ್ತಳು. “ಯಾವ ಹಾಳು ಬಾಯಿ ಹೇಳ್ತೋ ಅಮ್ಮಾ! ಆ ನಾಲಿಗೆ ಸೇದಿಹೋಗ!”

ನಾನು ಅತ್ತೆಯ ಮುಖ ನೋಡಿದೆ.

“ಹಾಗನ್ನಬೇಡ ಬಿಡು,” ಅಂದರು ಅತ್ತೆ. “ಕೂತ್ಕೋ. ಅನ್ನ ಇದೆ, ತಿಂದು ಹೋಗು.”

ಅವಳು ತಿಂದಳು. ತಂಗಿಗೆ ಫೋನೂ ಮಾಡಿದಳು.

ನವೆಂಬರ್ ೮

ಊಟವಾದ ಮೇಲೆ ಅತ್ತೆ ದಿಂಬಿನ ಚೀಲ ತೆಗೆದು ಫೋನ್ ಎತ್ತುತ್ತಾರೆ. ನಂಬರು ತಿರುಗಿಸಲ್ಲ.

“ಏನಪ್ಪಾ, ಇದ್ದೀಯಾ? ನಾನೇ, ತೇಸೊಕನ ಅಮ್ಮ. ನಿನ್ನ ಊಟ ಆಯ್ತಾ? ಅವನದಾಯ್ತಾ? ಅವತ್ತು ಎಡೆ ಮುಂದಿಂದ ಎಬ್ಬಿಸ್ಕೊಂಡು ಹೋದ್ರಲ್ಲಪ್ಪ, ಒಂದು ತುತ್ತೂ ತಿಂದಿರ್ಲಿಲ್ಲ. ತಣ್ಣಗಿರೋದು ಅವನಿಗೆ ಆಗಲ್ಲ, ಹೊಟ್ಟೆ ಕೆಡುತ್ತೆ. ಅಲ್ಲಿರೋರಿಗೆ ಹೇಳು. ನಮ್ಮದೆಲ್ಲ ಕೇಳಿಸ್ಕೊಂಡಿದ್ದೀಯಲ್ಲ, ಇದೊಂದು ಹೇಳಿಬಿಡು.”

ಆ ಕಡೆ ಏನೂ ಇಲ್ಲ. ಅತ್ತೆ ಕಾದು, “ಆಯ್ತು, ನಾಳೆ ಮಾಡ್ತೀನಿ,” ಅಂತ ಇಡ್ತಾರೆ. ದಿನಾ. ಬೇಡ ಅನ್ನೋಕೆ ನನ್ನಲ್ಲಿ ಶಕ್ತಿ ಇಲ್ಲ.

ನವೆಂಬರ್ ೧೪

ಇವತ್ತು ಅತ್ತೆಗೆ ಜ್ವರ. ಏಳೋಕಾಗಲಿಲ್ಲ. “ನೀನೇ ಕೇಳೇ,” ಅಂದರು. ಬಿಡಲಿಲ್ಲ.

ಎತ್ತಿದೆ. ಕ್ಲಿಕ್. ಅದೇ ಪಕ್ಕದ ಕೋಣೆ.

“ನಾನು ಅವರ ಹೆಂಡತಿ,” ಅಂದೆ.

“ಗೊತ್ತು.”

ಚಿಕ್ಕ ವಯಸ್ಸಿನ ದನಿ. ನೆಗಡಿಯಾದ ಹಾಗಿತ್ತು. ಮೂಗೆಳೆದುಕೊಂಡು, “ಈಗ ಮೈ ಸರಿಹೋಯ್ತಾ?” ಅಂತ ಕೇಳಿತು. ಮುಟ್ಟಿನ ವಿಚಾರ, ಅಕ್ಕ ಕೇಳೋ ಹಾಗೆ.

“ಅವರು ಊಟ...” ಅಂದೆ.

“ಅವರು ಇವತ್ತು...”

ಆ ಕಡೆ ಬಾಗಿಲು ತೆಗೆದ ಸದ್ದು. ಲೈನ್ ಹೋಯಿತು.

“ಏನಂದ್ನೇ? ಊಟ ಮಾಡಿದ್ನಂತಾ?” ಅತ್ತೆ ಹಾಸಿಗೆಯಿಂದ ಅರ್ಧ ಎದ್ದಿದ್ದರು.

“ಹೂಂ,” ಅಂದೆ. “ಮಾಡಿದ್ರಂತೆ. ಬಿಸಿ ಬಿಸಿ.”

ಅತ್ತೆ ಮಲಗಿದರು. ಪಾತ್ರೆ ತೊಳೆದು ಬಂದು ಕೂತಿದ್ದೇನೆ. ಇವತ್ತು ಅಂದ. ನಿನ್ನೆ ಅಲ್ಲ, ನಾಳೆ ಅಲ್ಲ. ಇವತ್ತು ಏನು? ಉಂಡರಾ, ಇಲ್ಲವಾದರಾ? ಅವರು ಇವತ್ತು...