ಟೊಂಗಾದಲ್ಲಿ ಒಣಹಾಕಿದ ಕೌದಿ

ಅಲಮೀಡಾ
ಶುಕ್ರವಾರ, ೧೪ ನವೆಂಬರ್ ೧೯೮೬

ನನ್ನ ಈರುಳ್ಳಿಗೆ, ಅಂದರೆ ಚಿರಂಜೀವಿ ಈರವ್ವನಿಗೆ, ಅಪ್ಪನ ಆಶೀರ್ವಾದ.

ಲಕೋಟೆಯ ಮೇಲೆ ಅಮೆರಿಕದ ಅಂಚೆಚೀಟಿ ನೋಡಿ ಹುಬ್ಬೇರಿಸಬೇಡ. ಹೌದು, ಮಂಗಳವಾರವೇ ವಿಮಾನದಲ್ಲಿ ಬಂದಿಳಿದೆ. ನನ್ನನ್ನು ಟೊಂಗಾ ದ್ವೀಪದವರೆಗೆ ಕರೆದೊಯ್ದ ಗೆಳೆಯ ಸರ್ವೋತ್ತಮ ತನ್ನ ಯಾಟು ತಗೊಂಡು ಅಲ್ಲಿಂದ ನ್ಯೂಜಿಲೆಂಡಿಗೆ ಹೋದ, ಇಲ್ಲಿಯ ಅಪಾರ್ಟ್‌ಮೆಂಟಿನ ಕೀಲಿ ನನ್ನ ಕೈಗಿಟ್ಟ. ಫ್ರೀಮಾಂಟಿನ ನಿನ್ನ ಮನೆ ಇಲ್ಲಿಂದ ಫ್ರೀವೇಯಲ್ಲಿ ಅರ್ಧ ಗಂಟೆ. ಅಷ್ಟು ದೊಡ್ಡ ಸಮುದ್ರ ದಾಟಿದವನಿಗೆ ಆ ಅರ್ಧ ಗಂಟೆ ದಾಟುವ ಧೈರ್ಯ ಬರುತ್ತಿಲ್ಲ.

ಟೊಂಗಾದಿಂದ ಫೋನು ಮಾಡಿದಾಗ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. “ಅಪ್ಪಾ, ಅವ್ವನ ಕೌದಿ ನಿನ್ನ ಚೇಷ್ಟೆಗೆ ಸಿಕ್ಕ ಆಟಗಿ ಸಾಮಾನೇನು? ಕೌದಿ ಇಲ್ದ ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ!” ಅಷ್ಟರಲ್ಲಿ ಲೈನು ಕಟ್ಟಾಯಿತು. ಆಪರೇಟರ್ ಹುಡುಗಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿದಳು. ಮಗಳ ಗಂಟಲು ಮಾತ್ರ ಬಹಳ ಕ್ಷೇಮವಾಗಿದೆ ಎಂದೆ.

ನಿಮ್ಮವ್ವ ಶರಣವ್ವ ಹಳೇ ಸೀರೆಗಳ ತುಂಡು ಸೇರಿಸಿ ಅದನ್ನು ಹೊಲಿಯುತ್ತ, ಒಂದು ಮೂಲೆ ಬಾಕಿ ಇರುವಾಗಲೇ ಹೋಗಿಬಿಟ್ಟಳು. ನೀನು ಅದನ್ನು ನುಸಿಗುಳಿಗೆಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕ್ಲೋಸೆಟ್ಟಿನ ಮೇಲಿನ ಹಲಗೆಗೆ ಏರಿಸಿದೆ. ಯಾರೂ ಮುಟ್ಟಬಾರದು ಎಂದೆ. ನಾನು ಮುಟ್ಟಿದೆ. ಅದರ ಜಾಗದಲ್ಲಿ ಬಾತ್‌ರೂಮಿನ ಮ್ಯಾಟು ಮಡಚಿಟ್ಟು, ಕೌದಿಯನ್ನು ನನ್ನ ಚೀಲಕ್ಕೆ ತುರುಕಿಕೊಂಡೆ. ಸಮುದ್ರದ ಮೇಲೆ ಚಳಿ ಇರುತ್ತದೆ ಎಂದು ಸರ್ವೋತ್ತಮ ಹೇಳಿದ್ದ, ಅಷ್ಟೇ ಕಾರಣ. ಆ ಪ್ಲಾಸ್ಟಿಕ್ ಚೀಲ ಬಿಚ್ಚಿ ಮ್ಯಾಟು ನೋಡಿದಾಗ ನೀನು ನಗುತ್ತೀ ಅಂದುಕೊಂಡಿದ್ದೆ. ಅತ್ತುಬಿಟ್ಟೆಯಂತೆ.

ಸರಿ, ಕೌದಿಯ ಕಥೆ ಕೇಳು. ಸರ್ವೋತ್ತಮನ ಯಾಟಿಗೆ ಹಾಯಿದೋಣಿ ಅನ್ನುತ್ತಾರೆ, ಆದರೆ ಮೊದಲ ವಾರ ಹಾಯಾಗಿದ್ದ ಕ್ಷಣ ಒಂದೂ ಇಲ್ಲ. ಅಡುಗೆ ನನ್ನ ಪಾಲಿಗೆ. ನಾನು ರೊಟ್ಟಿ ಬಡಿಯಲು ಕೂತರೆ ಸಮುದ್ರ ನನ್ನನ್ನೇ ಬಡಿಯುತ್ತಿತ್ತು. ಟೊಂಗಾ ಕಂಡಾಗ ಗದಗ ಸ್ಟೇಶನ್ನಿನ ಟಾಂಗಾ ನೆನಪಾಗಿ, ಕುದುರೆ ಎಲ್ಲಿ ಎಂದು ಕೇಳಿದೆ. ಸರ್ವೋತ್ತಮ ನಗಲಿಲ್ಲ. ಇಂಜಿನಿಯರು, ಅದರ ಮೇಲೆ ಮಂಗಳೂರಿನವನು.

ಬಂದರು ಮುಟ್ಟುವ ದಿನ ಬೆಳಿಗ್ಗೆ ಒಂದು ಅಲೆ ಒಳಗೆ ನುಗ್ಗಿ ಕೌದಿಯನ್ನು ತೊಯ್ಯಿಸಿತು. ಆ ದೇಶದಲ್ಲಿ ಭಾನುವಾರ ಯಾರೂ ಕೆಲಸ ಮಾಡುವಂತಿಲ್ಲ, ಬಟ್ಟೆ ಒಣಹಾಕಿದರೂ ತಪ್ಪು. ನಾವು ಇಳಿದದ್ದು ಶನಿವಾರ. ಅವಸರದಲ್ಲಿ ಸಿಹಿನೀರಿನಲ್ಲಿ ಜಾಲಿಸಿ, ಹೆಗಲ ಮೇಲೆ ಹೊತ್ತು ಊರೊಳಗೆ ನಡೆದೆ. ಒಂದು ಬಯಲಿನಲ್ಲಿ ಗಳ ನೆಟ್ಟು ಬಣ್ಣಬಣ್ಣದ ದುಪ್ಪಟಿಗಳನ್ನು ಸಾಲಾಗಿ ಹರವಿದ್ದರು. ಕೆಳಗೆ ಬಿಳಿ ಮರಳು, ಮೇಲೆ ಒಳ್ಳೆ ಬಿಸಿಲು. ಇಡೀ ಊರು ಒಂದೇ ಕಡೆ ಬಟ್ಟೆ ಒಣಗಿಸುತ್ತದೆ, ಎಂಥ ಒಗ್ಗಟ್ಟು ಎಂದು ಮೆಚ್ಚಿಕೊಂಡು, ಖಾಲಿ ಇದ್ದ ಗಳಗಳಿಗೆ ನಮ್ಮ ಕೌದಿ ಕಟ್ಟಿ ಬಂದೆ. ಒಂದೇ ದಿನದಲ್ಲಿ ಪರದೇಶದ ಸಂಸ್ಕೃತಿ ಅರ್ಥವಾಯಿತು ಎಂದು ಸರ್ವೋತ್ತಮನ ಮುಂದೆ ಮೀಸೆಯನ್ನೂ ತಿರುವಿದೆ.

ಅವನು ಎದ್ದು ನಿಂತುಬಿಟ್ಟ. “ಎಂತ ಮಾಡಿದ್ದು ಮಾರಾಯ್ರೆ ನೀವು! ಅದು ಸ್ಮಶಾನ ಅಲ್ವಾ!”

ಓಡಿದೆವು. ಅಲ್ಲಿ ಸತ್ತವರ ಮೇಲೆ ಮನೆಯವರು ಮರಳು ಸುರಿದು, ತಲೆಯ ಕಡೆ ದುಪ್ಪಟಿ ಕಟ್ಟುತ್ತಾರೆ. ನಮ್ಮ ಕೌದಿಯ ಬುಡದಲ್ಲಿ ಅಲ್ಲಿಯ ಸೂತಕದ ಪದ್ಧತಿಯಂತೆ ಕಪ್ಪು ಬಟ್ಟೆಯುಟ್ಟು, ಸೊಂಟಕ್ಕೆ ಚಾಪೆ ಸುತ್ತಿಕೊಂಡ ದೊಡ್ಡ ಮೈಕಟ್ಟಿನ ಹೆಂಗಸೊಬ್ಬಳು ಕೂತು, ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಳು. ಹೆಸರು ಮೆಲೆ. ಅದು ಅವಳ ತಾಯಿಯ ಮಣ್ಣು. ಮೆಲೆ ಹೊಲಿಯುತ್ತಿದ್ದ ದುಪ್ಪಟಿ ಇನ್ನೂ ಮುಗಿದಿರಲಿಲ್ಲವಂತೆ. ಯಾರೋ ಪುಣ್ಯಾತ್ಮರು ತನ್ನ ತಾಯಿಗೆ ಹೊದಿಸಿದ್ದಾರೆ ಎಂದು ಅಳುತ್ತಿದ್ದಳು.

ಸುಳ್ಳು ಹೇಳಿ ಪುಣ್ಯಾತ್ಮನಾಗಬಹುದಿತ್ತು. ಆಗಲಿಲ್ಲ ಕಣವ್ವಾ. ಕೈಮುಗಿದು, ಒಣಹಾಕಿದ್ದೆ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕಳು! ಇಲ್ಲಿ ನಗಬಹುದೇ ಎಂದು ಕೇಳಿದೆ. ತನ್ನ ತಾಯಿಗೂ ನಗು ಬಹಳ ಸೇರುತ್ತಿತ್ತು ಎಂದಳು.

ಹೊಲಿದವರು ಯಾರು ಎಂದು ಕೇಳಿದಳು. ನನ್ನ ಹೆಂಡತಿ, ಹೋದ ವರ್ಷ ತೀರಿಕೊಂಡಳು ಎಂದೆ. ಅವಳ ಮಣ್ಣಿನ ಮೇಲೆ ಏನಿದೆ ಎಂದು ಕೇಳಿದಳು. ಹುಲ್ಲು ಎಂದೆ. ಹಾಕಿದವರು ಯಾರು? ಸ್ಮಶಾನದ ಆಫೀಸಿನವರು ಎಂದೆ.

“ಮತ್ತೆ ನೀವು?” ಎಂದಳು.

ಗಳದ ಗಂಟು ಬಿಚ್ಚಲು ಹೋದವನು ಅದನ್ನೇ ಇನ್ನೊಮ್ಮೆ ಬಿಗಿದೆ.

ಕೌದಿ ಬಿಚ್ಚಲು ನನಗೆ ಮನಸ್ಸಾಗಲಿಲ್ಲ. ಭಾನುವಾರ ಪೂರ್ತಿ ಅದು ಮೆಲೆಯ ತಾಯಿಯ ಹತ್ತಿರವೇ ಇತ್ತು. ಸೋಮವಾರ ಅವಳೇ ಮಡಚಿ ದೋಣಿಯ ಹತ್ತಿರ ತಂದಳು. ಬಿಟ್ಟ ಮೂಲೆ ನೋಡಿ, ತಾನು ಹೊಲಿದು ಕೊಡಲೇ ಎಂದು ಕೇಳಿದಳು. ಬೇಡ, ಹೊಲಿಯುವವಳು ಮನೆಯಲ್ಲಿದ್ದಾಳೆ ಎಂದೆ. ನಿನ್ನನ್ನು ಕೇಳದೇ ಹೇಳಿಬಿಟ್ಟೆ, ಕ್ಷಮಿಸು.

ಈರವ್ವಾ, ಮಣ್ಣು ಮಾಡಿದ ದಿನದಿಂದ ನೀನು ಹೇವರ್ಡ್ ಗುಡ್ಡದ ಸ್ಮಶಾನಕ್ಕೆ ಹೋಗಿಲ್ಲ. ಆ ಬೋಳು ಹುಲ್ಲು ನೋಡಕ್ಕಾಗಲ್ಲ ಅಂತೀ. ಹುಲ್ಲು ಕತ್ತರಿಸುವ ಮಶೀನು ಓಡಾಡಬೇಕಂತೆ, ಅದಕ್ಕೇ ಹೂವು ಬಿಟ್ಟು ಬೇರೇನೂ ಇಡಬಾರದಂತೆ. ಆದರೆ ಭಾನುವಾರ ಮಶೀನಿಗೂ ರಜಾ, ಟೊಂಗಾದ ಹಾಗೇ. ನಾಡಿದ್ದು ಬೆಳಿಗ್ಗೆ ಅಲ್ಲಿಗೆ ಬಾ. ನಿಮ್ಮವ್ವನಿಗೆ ಒಂದು ಗಳಿಗೆ ಕೌದಿ ಹೊದಿಸಿ ಕೂರೋಣ. ಯಾರಾದರೂ ಬಂದು ಕೇಳಿದರೆ, ಒಣಹಾಕಿದ್ದೇವೆ ಅನ್ನೋಣ.

ಸೂಜಿ ದಾರ ತಗೊಂಡು ಬಾ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡಬೇಕು, ಕೌದಿ ಹಸಿದಿರಬಾರದು ಎಂದು ನಿಮ್ಮವ್ವ ಹೇಳುತ್ತಿದ್ದಳಲ್ಲ, ಆ ರೊಟ್ಟಿ ನಾನು ಬಡಿದು ತರುತ್ತೇನೆ. ಇಲ್ಲಿ ನೆಲ ಅಲುಗುವುದಿಲ್ಲ, ದುಂಡಗೆ ಬಂದೀತು. ಆಮೇಲೆ ಕೌದಿ ನಿನ್ನದು. ಪ್ಲಾಸ್ಟಿಕ್ಕಿಗೆ ಮಾತ್ರ ಹಾಕಬೇಡ, ಹೊದ್ದುಕೋ.

ನಿನ್ನ ಹೊಸ್ತಿಲ ಆಚೆ ನಿಂತಿರುವ
ಅಪ್ಪ, ವಿರುಪಾಕ್ಷಪ್ಪ

ತಾ.ಕ.: ಚಳಿಗೆ ಅಂತ ಕೌದಿ ಒಯ್ದೆ ಎಂದು ಬರೆದೆನಲ್ಲ, ಅದು ಸುಳ್ಳು. ಹೊನೊಲುಲು ದಾಟಿದ ಮೇಲೆ ಮೈಮೇಲೆ ಅಂಗಿ ನಿಲ್ಲದಷ್ಟು ಸೆಕೆ. ಸರ್ವೋತ್ತಮ ಬೈಯುತ್ತಿದ್ದ. ಬೆವರುತ್ತ ಬೆವರುತ್ತ ದಿನಾ ಅದನ್ನೇ ಹೊದ್ದು ಮಲಗಿದೆ. ಹೊದೆಯದೇ ಇದ್ದದ್ದು ಮೆಲೆಯ ತಾಯಿಗೆ ಬಿಟ್ಟುಕೊಟ್ಟ ಆ ಎರಡು ರಾತ್ರಿ ಮಾತ್ರ. ಆವತ್ತು ಚಳಿಯಾಯಿತು.