ಸಾಯದ ಹೆಂಡತಿ

ಸಂಪಾದಕರಿಗೆ,

ಸೂಪರ್‌ಹೀರೋ ದಂಪತಿಯ ಕಾಮಿಕ್ಸ್‌ನ ಕೊನೆಯ ಸಂಚಿಕೆ ಕಳಿಸಿದ್ದೇನೆ. ನಮ್ಮ ಯಜಮಾನರು ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯುತ್ತಿದ್ದರು, ನಾನು ಆ ಗೆರೆಗಳಿಗೆ ಶಾಯಿ ತುಂಬುತ್ತಿದ್ದೆ. ಹೆಂಡತಿಯ ಪಾತ್ರಕ್ಕೆ ನನ್ನದೇ ಮುಖ ಕೊಟ್ಟಿದ್ದರು.

“ಅವಳನ್ನ ಸಾಯಿಸಿ, ಗಂಡನಿಗೆ ಸಿಟ್ಟು ಬರ್ಲಿ, ಓದುಗರು ಮುಗಿಬೀಳ್ತಾರೆ” ಎಂದಿರಿ. ಆಸ್ಪತ್ರೆಯ ಮಂಚದಲ್ಲಿ ಇವರು ನಕ್ಕರು: “ನಿನ್ನ ಕೊಲ್ಲೋದು ನನ್ನ ಕೈಲಾಗಲ್ಲ ಕಣೇ, ನೀನೇ ಏನಾದ್ರೂ ಮಾಡ್ಕೋ.” ಆ ಪುಟ ಖಾಲಿ ಬಿಟ್ಟೇ ತೀರಿಕೊಂಡರು.

ಗಂಡಸಿನ ಸಿಟ್ಟಿಗೆ ಬೇಕಾದ ಹೆಣ್ಣಿನ ಹೆಣ ನನ್ನ ಕೈಯಿಂದ ಸಿಗದು. ಪುಟವನ್ನು ನಾನೇ ಬರೆದಿದ್ದೇನೆ. ಅದರಲ್ಲಿ ಸತ್ತವನು ಗಂಡ. ಹೆಂಡತಿ ಸೇಡಿಗೆ ಹಾರುವುದಿಲ್ಲ. ಅವನ ಬೂಟು ಬಿಚ್ಚಿ ಪಕ್ಕದಲ್ಲಿ ಕೂರುತ್ತಾಳೆ. ಒಪ್ಪಿಗೆಯಾಗದಿದ್ದರೆ ವಾಪಸ್ ಕಳಿಸಿ. ಒಪ್ಪಿದರೆ ಅವಳ ಬಾಯಿಗೆ ಮಾತು ತುರುಕಬೇಡಿ. ಇವರು ಹೋದ ದಿನ ನಾನೂ ಒಂದು ಮಾತೂ ಆಡಲಿಲ್ಲ.

ಇತಿ,
ನಿಮ್ಮ ಕಚೇರಿಯವರು ಕರೆಯುವ ಶಾಯಿಯಕ್ಕ